ಭಾವ-ಭಾಮೈದ ನಿಂತು ನಡೆಸಿದ ಮಿಲ್ಲು

ಜಗತ್ತಿನ ಮೊಟ್ಟಮೊದಲ ಕಾರ್ಖಾನೆಯ ಮೊಟ್ಟಮೊದಲ ಮ್ಯಾನೇಜರ್ ಯಾರೆಂದು ನನ್ನನ್ನು ಕೇಳಿದರೆ ಹೆಸರು ಗೊತ್ತಿಲ್ಲ. ಆದರೆ ಅವನು ಮಾಲೀಕನ ಮನೆಯ ಅಳಿಯನೋ ಭಾವನೋ ಆಗಿದ್ದನೆಂದು ಎದೆ ತಟ್ಟಿ ಹೇಳಬಲ್ಲೆ. ನೀವೇ ಯೋಚಿಸಿ ನೋಡಿ. ಆವತ್ತಿಗೆ ಮ್ಯಾನೇಜ್‌ಮೆಂಟ್ ಕಾಲೇಜುಗಳಿರಲಿಲ್ಲ. ಟೈ ಕಟ್ಟಿಕೊಂಡು ಪರದೆಯ ಮೇಲೆ ಬಾಣದ ಗುರುತು ತೋರಿಸುವವರಿರಲಿಲ್ಲ. ಪಾಪ, ಆ ಮೊದಲ ಮಾಲೀಕನಿಗೆ ಯಂತ್ರ ಸಿಕ್ಕಿತ್ತು, ಕಟ್ಟಡ ಸಿಕ್ಕಿತ್ತು, ಕೆಲಸಕ್ಕೆ ಜನವೂ ಸಿಕ್ಕಿದ್ದರು. ಅಷ್ಟೂ ಜನರನ್ನು ಒಂದೇ ಸೂರಿನಡಿ ಬೆಳಗಿನಿಂದ ಸಂಜೆಯವರೆಗೆ ಜಗಳವಾಡದಂತೆ ಇಟ್ಟುಕೊಳ್ಳುವುದು ಹೇಗೆಂದು ಹೇಳಿಕೊಡುವವರು ಮಾತ್ರ ಯಾರೂ ಇರಲಿಲ್ಲ. ಅವನು ಅದುವರೆಗೆ ಕಂಡಿದ್ದ ದೊಡ್ಡ ವ್ಯವಸ್ಥೆಗಳು ಎರಡೇ. ಒಂದು ಮನೆ, ಇನ್ನೊಂದು ಸರ್ಕಾರಿ ಕಚೇರಿ. ಯಾರ ಮಾತನ್ನು ಯಾರು ಕೇಳಬೇಕು ಎಂಬುದನ್ನು ಮನೆಯಿಂದ ತಂದ. ಕೇಳದವರಿಗೆ ಯಾವ ಕಾಗದ ಕೊಡಬೇಕು ಎಂಬುದನ್ನು ಕಚೇರಿಯಿಂದ ತಂದ. ಎರಡನ್ನೂ ಕಲಸಿ ಬಾಗಿಲಿಗೆ ಬೋರ್ಡು ಹಾಕಿದ. ಇದು ಯಾವ ಪುಸ್ತಕದಲ್ಲಿದೆ ಎಂದು ಕೇಳಬೇಡಿ. ನಾನು ಓದಿ ತಿಳಿದದ್ದಲ್ಲ, ಶಿಕಾರಿಪುರದ ಹೊರವಲಯದ ಒಂದು ಅವಲಕ್ಕಿ ಮಿಲ್ಲಿನಲ್ಲಿ ಕಾಲು ನೋಯಿಸಿಕೊಂಡು ತಿಳಿದದ್ದು.

ನಾನು ಸೊರಬದ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿದ್ದು ನಿವೃತ್ತನಾದವನು. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಮುಗಿದು ಮನೆಯಲ್ಲಿ ಕೂತ ಮೊದಲ ವಾರ ಹೆಂಡತಿ ಗಿರಿಜಾ ನನ್ನನ್ನು ಮದುವೆಯಾದ ಹೊಸದರಲ್ಲಿ ನೋಡಿಕೊಂಡ ಹಾಗೆಯೇ ನೋಡಿಕೊಂಡಳು. ಎರಡನೆಯ ವಾರ ನನ್ನ ರೋಗ ಹೊರಬಿತ್ತು. ಕಚೇರಿಯಲ್ಲಿ ಬಾಗಿಲು ದಾಟಿ ಒಳಗೆ ಬಂದ ಪ್ರತಿಯೊಂದು ಟಪಾಲಿಗೂ ಆವಕ ಸಂಖ್ಯೆ ಹಾಕಿಸಿ ಅಭ್ಯಾಸವಾದ ಕೈ ಇದು. ಮನೆಗೆ ಬಂದ ಮದುವೆಯ ಕರೆಯೋಲೆಗೆ ಸಂಖ್ಯೆ ಹಾಕಿದೆ. ಪಕ್ಕದ ಮನೆಯವರು ಕಳಿಸಿದ ಹೋಳಿಗೆಯ ಡಬ್ಬಿಯ ಮುಚ್ಚಳದ ಮೇಲೆ ಸಂಖ್ಯೆ ಹಾಕಿದೆ. ಅದನ್ನು ತೊಳೆದು ವಾಪಸು ಕಳಿಸುವಾಗ 'ವಿಲೇವಾರಿಯಾಗಿದೆ' ಎಂದು ಷರಾ ಬರೆದು ಅಂಟಿಸಿದೆ. ಪಕ್ಕದ ಮನೆಯಾಕೆ ಹೋಳಿಗೆ ಚೆನ್ನಾಗಿರಲಿಲ್ಲವೇನೋ ಎಂದುಕೊಂಡು ಮಾತು ಬಿಟ್ಟರು. ಆವತ್ತು ಸಂಜೆಯೇ ಗಿರಿಜಾ ತನ್ನ ತಮ್ಮನಿಗೆ ಫೋನ್ ಮಾಡಿದಳು. ನಾನು ಜಗುಲಿಯಲ್ಲಿದ್ದೆ, ಎಲ್ಲ ಕೇಳಿಸುತ್ತಿತ್ತು. "ರುದ್ರಾ, ನಿಮ್ ಭಾವನ್ನ ಹಗಲೊತ್ತು ನೀನಿಟ್ಕಳಾ. ರಾತ್ರಿ ನಾನು ಹೆಂಗೋ ಸುಧಾರಿಸ್ತೀನಿ."

ಹೀಗೆ ನಾನು ಭಾಮೈದ ರುದ್ರೇಶನ ಮಿಲ್ಲಿಗೆ ಮ್ಯಾನೇಜರನಾದೆ. ಗಿರಿಜಾಳ ತವರು ತಾಳಗುಂದದ ಕಡೆ. ಅವರಮ್ಮ ಒನಕೆಯಲ್ಲಿ ಕುಟ್ಟಿದ ಅವಲಕ್ಕಿ ಸುತ್ತ ನಾಲ್ಕೂರಿಗೆ ಹೆಸರಾಗಿತ್ತು. ಮಗ ಅದೇ ಹೆಸರಿನ ಮೇಲೆ ಶಿಕಾರಿಪುರದ ರಸ್ತೆ ಪಕ್ಕ ಶೆಡ್ಡು ಎತ್ತಿ, ಭತ್ತ ನೆನೆಸುವ ತೊಟ್ಟಿ, ಹುರಿಯುವ ಯಂತ್ರ, ಒತ್ತುವ ಯಂತ್ರ ಎಲ್ಲ ಹಾಕಿದ್ದ. ನಮ್ಮ ಬಳಗದಲ್ಲಿ ಕರೆಂಟಿನಿಂದ ನಡೆಯುವ ಮೊದಲ ಉದ್ಯಮ ಅದು. ಅದಕ್ಕೆ ಮೊದಲು ನಮ್ಮವರು ಕರೆಂಟಿನಿಂದ ನಡೆಸುತ್ತಿದ್ದದ್ದು ಪಂಪ್‌ಸೆಟ್ ಒಂದನ್ನೇ.

ಸೊರಬದಿಂದ ಬೆಳಗಿನ ಬಸ್ಸು ಹತ್ತಿ, ಶಿರಾಳಕೊಪ್ಪದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಶಿಕಾರಿಪುರ ಸೇರುವಷ್ಟರಲ್ಲಿ ಮಾತಿನ ಧಾಟಿಯೇ ಬದಲಾಗಿರುತ್ತದೆ. ನಮ್ಮ ಸೊರಬದ ಕಂಡಕ್ಟರು "ಸ್ವಲ್ಪ ಒಳಗೆ ಹೋಗಿ ಮಾರಾಯ್ರೆ" ಎನ್ನುತ್ತಾನೆ. ಆಚೆಯ ಬಸ್ಸಿನವನು "ಒಳಾಕ್ ನಡೀರಿ, ನಡೀರಿ" ಎನ್ನುತ್ತಾನೆ. ಇಬ್ಬರ ಅರ್ಥವೂ ಒಂದೇ, ಒಳಗೆ ಜಾಗವಿಲ್ಲ ಎಂದು. ಮಿಲ್ಲಿನೊಳಗೂ ಹಾಗೆಯೇ ಇತ್ತು. ಕೆಲಸಗಾರರಿಗೆ ಜಾಗವಿರಲಿಲ್ಲ, ಎಲ್ಲ ನೆಂಟರೇ. ತೊಟ್ಟಿಯ ಹತ್ತಿರ ರುದ್ರೇಶನ ದೊಡ್ಡಪ್ಪನ ಮಕ್ಕಳು, ಜರಡಿಯ ಹತ್ತಿರ ದೊಡ್ಡಮ್ಮನ ಹೆಣ್ಣುಮಕ್ಕಳು, ಹುರಿಯುವ ಯಂತ್ರಕ್ಕೆ ಚಿಕ್ಕಪ್ಪನ ಮಗ ಹಾಲೇಶ. ಇವರೆಲ್ಲರಿಗೂ ನಾನು ಭಾವ. ಭಾವ ಎಂದರೆ ನಮ್ಮ ಕಡೆ ಗೌರವಕ್ಕೆ ಎಷ್ಟು ಪಾತ್ರನೋ ಗೇಲಿಗೂ ಅಷ್ಟೇ ಪಾತ್ರ. ಮದುವೆಯ ದಿನ ಚಪ್ಪಲಿ ಬಚ್ಚಿಟ್ಟವರಿಗೆ ಮೂವತ್ತೈದು ವರ್ಷ ಬಿಟ್ಟು "ಯಾಕ್ರೀ ತಡವಾಗಿ ಬಂದ್ರಿ?" ಎಂದು ಕೇಳುವುದು ಸುಲಭವಲ್ಲ. ಮೊದಲ ದಿನವೇ ಹಾಲೇಶನಿಗೆ ಕೇಳಿದೆ. ಅವನು ಹಲ್ಲು ಕಿರಿದು, "ಅಕ್ಕ ತಿಂಡಿ ಕೊಟ್ಟಿಲ್ಲೇನ್ ಭಾವ, ಸಿಟ್ಟು ಬೆಳಿಗ್ಗೆನೇ ಏರೇತಲ್ಲ?" ಎಂದ. ಜರಡಿಯ ಕಡೆಯಿಂದ ನಗು ಕೇಳಿತು. ತಾಲ್ಲೂಕು ಕಚೇರಿಯಲ್ಲಿ ನಾನು ಕನ್ನಡಕ ತೆಗೆದರೆ ಸಾಕು, ಕೇಸ್ ವರ್ಕರುಗಳು ಬೆವರುತ್ತಿದ್ದರು. ಇಲ್ಲಿ ಕನ್ನಡಕ ತೆಗೆದರೆ "ಒರೆಸಿಕೊಡ್ಲಾ ಭಾವ?" ಎನ್ನುತ್ತಿದ್ದರು.

ಕೊನೆಗೆ ಮನೆಯ ರೋಗಕ್ಕೆ ಮನೆಯ ಮದ್ದೇ ಸರಿ ಎಂದು ಹಾಲೇಶನ ತಾಯಿಗೆ ಫೋನ್ ಮಾಡಿದೆ. ಚಾಡಿ ಹೇಳಲಿಲ್ಲ. "ಚಿಕ್ಕತ್ತೆ, ಹಾಲೇಶ ಯಾಕೋ ದಿನಾ ತಡವಾಗಿ ಬರ್ತಾನೆ. ಮೈಯಲ್ಲಿ ಹುಷಾರಿಲ್ವೇನೋ, ಸ್ವಲ್ಪ ವಿಚಾರಿಸಿ" ಎಂದೆ, ಅಷ್ಟೇ. ಮರುದಿನ ಹಾಲೇಶ ನನಗಿಂತ ಮೊದಲು ಬಂದು ನಿಂತಿದ್ದ. ಮುಖ ಸಪ್ಪಗಿತ್ತು. ಬೆಳಗಿನ ಜಾವವೇ ಎಬ್ಬಿಸಿ ಕಷಾಯ ಕುಡಿಸಿದ್ದರಂತೆ. ಅಲ್ಲಿಂದ ಮುಂದೆ ಮಿಲ್ಲಿನಲ್ಲಿ ಯಾರ ಮೇಲೂ ಶಿಸ್ತುಕ್ರಮದ ಪ್ರಶ್ನೆಯೇ ಬರಲಿಲ್ಲ. ಎಲ್ಲರ ಅಮ್ಮಂದಿರ ನಂಬರೂ ನನ್ನ ಫೋನಿನಲ್ಲಿದ್ದವು, ಮತ್ತು ಅವು ಇವೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಕೆಲಸಗಾರರ ಸಮಸ್ಯೆ ಹೀಗೆ ಕಷಾಯದಲ್ಲಿ ಮುಗಿಯಿತು. ಮಾಲೀಕನ ಸಮಸ್ಯೆ ಮುಗಿಯಲಿಲ್ಲ. ಅದು ಕುರ್ಚಿಯ ಸಮಸ್ಯೆ. ರುದ್ರೇಶ ನನಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವನು. ಅಕ್ಕನ ಗಂಡ ಒಳಗೆ ಬಂದಾಗ ಕೂತಿರಬಾರದೆಂದು ಅವನಿಗೆ ಚಡ್ಡಿ ಹಾಕುವ ಕಾಲದಿಂದ ತಾಯಿ ಹೇಳಿಕೊಟ್ಟಿದ್ದಾರೆ. ನಾನು ಅವನ ಕೋಣೆಯ ಹೊಸ್ತಿಲಿಗೆ ಕಾಲಿಟ್ಟ ಕೂಡಲೇ ಅವನು ಎದ್ದು ನಿಲ್ಲುತ್ತಿದ್ದ. "ಬರ್ರಿ ಭಾವ, ಕುತ್ಗಳ್ರಿ" ಎನ್ನುತ್ತಿದ್ದ. ನಾನೋ, ಇಡೀ ಸರ್ವೀಸಿನಲ್ಲಿ ಮೇಲಧಿಕಾರಿ ಕೂರುವ ಮೊದಲು ಕೂತವನಲ್ಲ. ಮಾಲೀಕ ಎಂದ ಮೇಲೆ ಮೇಲಧಿಕಾರಿಯೇ. ಅವನು ನಿಂತಿರುವಾಗ ನಾನು ಹೇಗೆ ಕೂರುವುದು? "ನೀನು ಕೂತ್ಕೋ ರುದ್ರೇಶ" ಎನ್ನುತ್ತಿದ್ದೆ. "ನೀವು ನಿಂತಿರ್ಬೇಕಾರೆ ನಾನ್ ಹೆಂಗ್ ಕುತ್ಗಳ್ಳಿ ಭಾವ?" ಎನ್ನುತ್ತಿದ್ದ. ನಾನು ಮೊದಲು ಕೂತರೆ ಸರ್ಕಾರಿ ಪದ್ಧತಿಗೆ ಅವಮಾನ, ಅವನು ಮೊದಲು ಕೂತರೆ ಮನೆತನಕ್ಕೆ ಅವಮಾನ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಇಲ್ಲಿ ಇಬ್ಬರೂ ಎಳೆಯದೆ ಸುಮ್ಮನೆ ನಿಂತುಬಿಟ್ಟೆವು. ಭತ್ತ ಯಾರಿಂದ ಕೊಳ್ಳಬೇಕು, ಮೂಟೆಗಳನ್ನು ಯಾವ ಅಂಗಡಿಗೆ ಮೊದಲು ಕಳಿಸಬೇಕು, ಯಂತ್ರದ ಬೆಲ್ಟು ಬದಲಿಸಬೇಕೇ ಬೇಡವೇ ಎಂಬ ಘನ ವಿಚಾರಗಳೆಲ್ಲ ನಮ್ಮಿಬ್ಬರ ನಡುವೆ ಮೇಜು, ಹಿಂದೆ ಎರಡು ಖಾಲಿ ಕುರ್ಚಿ ಇಟ್ಟುಕೊಂಡೇ ತೀರ್ಮಾನವಾಗತೊಡಗಿದವು.

ನಿಂತು ಮಾತಾಡುವುದರಲ್ಲಿ ಒಂದು ಗುಣವಿದೆ ಎಂಬುದು ನನಗೆ ಕ್ರಮೇಣ ಗೊತ್ತಾಯಿತು. ನನಗೆ ಮಂಡಿನೋವು, ಅವನಿಗೆ ಸೊಂಟನೋವು. ಯಾರೂ ಸುತ್ತಿಬಳಸಿ ಮಾತಾಡುವಂತಿರಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಒಂದು ಬಾವಿಯ ತಕರಾರು ತೀರುವಷ್ಟರಲ್ಲಿ ಬಾವಿಯೇ ಹೂತುಹೋಗಿದ್ದನ್ನು ನಾನು ಕಂಡಿದ್ದೇನೆ. ಅಲ್ಲಿ ಎಲ್ಲರೂ ಕೂತು ಚರ್ಚಿಸುತ್ತಿದ್ದರು, ಜೊತೆಗೆ ಚಹಾ ಬೇರೆ ಬರುತ್ತಿತ್ತು. ಇಲ್ಲಿ ಮಂಡಿ ನಡುಗುವ ಮೊದಲು ತೀರ್ಮಾನ ಮುಗಿಯುತ್ತಿತ್ತು. ಅದಕ್ಕಿಂತ ಆಶ್ಚರ್ಯವೆಂದರೆ ನಮ್ಮಿಬ್ಬರ ಅಭಿಪ್ರಾಯ ಬಹುಮಟ್ಟಿಗೆ ಒಂದೇ ಆಗಿರುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಹೇಳಿರುತ್ತಿದ್ದ. "ನಿಮ್ ಮನ್ಸಲ್ಲೂ ಅದೇ ಇತ್ತಾ ಭಾವ?" ಎಂದು ಅವನು ಕಣ್ಣರಳಿಸಿದರೆ, "ಅನುಭವ ಕಣಪ್ಪಾ" ಎಂದು ನಾನು ಗಂಭೀರವಾಗಿ ಹೇಳುತ್ತಿದ್ದೆ.

ಇನ್ನು ಸಂಖ್ಯೆ ಹಾಕುವ ನನ್ನ ಚಟ ಮಿಲ್ಲಿಗೂ ಬಂದಿತ್ತೆಂದು ಬೇರೆ ಹೇಳಬೇಕಿಲ್ಲ. ಗೇಟು ದಾಟಿ ಬಂದ ಭತ್ತದ ಪ್ರತಿ ಮೂಟೆಗೂ ನೀಲಿ ಬಣ್ಣದಲ್ಲಿ ಆವಕ ಸಂಖ್ಯೆ ಬರೆದೆ, ಯಾರ ಮನೆಯ ಭತ್ತವೆಂದು ಕೆಳಗೆ ಸೇರಿಸಿದೆ. ಆ ಮೂಟೆಯಿಂದಾದ ಅವಲಕ್ಕಿಯ ಚೀಲಕ್ಕೂ ಅದೇ ಸಂಖ್ಯೆ. ಸಂಖ್ಯೆಯಿಲ್ಲದ ವಸ್ತುವನ್ನು ಕಂಡರೆ ನನಗೆ ತಂದೆತಾಯಿ ಇಲ್ಲದ ಮಗುವನ್ನು ಕಂಡಂತಾಗುತ್ತದೆ. ಒಂದು ದಿನ ಗೇಟಿನ ಹತ್ತಿರ ಹಸಿ ಬಣ್ಣದ ಡಬ್ಬಿಗೆ ಬಾಲ ಅದ್ದಿದ ಬೆಕ್ಕೊಂದು ಒಳಗೆ ಬಂತು. ಹಾಲೇಶ ಎಲ್ಲರನ್ನೂ ಕರೆದು, "ಇದ್ಕೂ ನಂಬರ್ ಬಿದ್ದೈತಿ, ಇನ್ನ ಇದು ಮಿಲ್ಲಿನ ಆಸ್ತಿ, ಯಾರೂ ಓಡ್ಸಂಗಿಲ್ಲ" ಎಂದು ಘೋಷಿಸಿದ.

ಗಿರಿಜಾಳ ತಾಯಿ, ನಮ್ಮ ಅತ್ತೆಯವರದೂ ಒಂದು ಕಾನೂನಿತ್ತು. ವಯಸ್ಸಾಗಿ ಊರಲ್ಲೇ ಇರುತ್ತಿದ್ದರೂ ಅವರ ಮಾತು ಮಿಲ್ಲಿನಲ್ಲಿ ನಡೆಯುತ್ತಿತ್ತು. ಮನೆಯವರು ತಿನ್ನದ್ದನ್ನು ಊರಿಗೆ ಮಾರಬಾರದು ಎಂಬುದು ಆ ಕಾನೂನು. ಹಾಗಾಗಿ ಹಿಂದಿನ ದಿನ ತಯಾರಾದ ಅವಲಕ್ಕಿಯಿಂದಲೇ ಮರುದಿನ ಎಲ್ಲರಿಗೂ ತಿಂಡಿ. ಮಾಲೀಕನಿಂದ ಹಿಡಿದು ಮೂಟೆ ಹೊರುವವನವರೆಗೆ ಎಲ್ಲರೂ ಅದನ್ನೇ ತಿನ್ನಬೇಕು. ಒಂದು ಸಲ ಹುರಿ ಹೆಚ್ಚಾಗಿ ಅವಲಕ್ಕಿ ಸೀದುಹೋದಾಗ ಹಾಲೇಶ ತಾನು ಹುರಿದದ್ದನ್ನು ತಾನೇ ತಿನ್ನುತ್ತ, ಜರಡಿಯ ಹೆಂಗಸರ ಕಣ್ಣು ತಪ್ಪಿಸುತ್ತ ಕೂತಿದ್ದ. ಆ ಚೀಲಗಳು ಅಂಗಡಿಗೆ ಹೋಗಲಿಲ್ಲ. ಅವನ ಕೈಯಲ್ಲಿ ಮತ್ತೆಂದೂ ಅವಲಕ್ಕಿ ಸೀಯಲಿಲ್ಲ.

ಇಷ್ಟೆಲ್ಲ ಇದ್ದೂ ಮಿಲ್ಲು ನೆಟ್ಟಗೆ ಓಡುತ್ತಿರಲಿಲ್ಲ. ಹಬ್ಬದ ದಿನಗಳಲ್ಲಿ ಉಸಿರಾಡಲು ಬಿಡುವಿರುತ್ತಿರಲಿಲ್ಲ. ಉಳಿದ ದಿನ ಯಂತ್ರದ ಮೇಲೆ ಬೆಕ್ಕು ಮಲಗಿರುತ್ತಿತ್ತು. ವರ್ಷವಿಡೀ ಮಾಲು ತೆಗೆದುಕೊಳ್ಳುವ ಒಬ್ಬ ದೊಡ್ಡ ಗಿರಾಕಿ ಬೇಕಿತ್ತು. ಆ ಹೊತ್ತಿಗೇ ದಾವಣಗೆರೆ ಕಡೆಯ ವ್ಯಾಪಾರಿಯೊಬ್ಬರು ಮಿಲ್ಲನ್ನು ತಮಗೆ ಲೀಸಿಗೆ ಕೊಡುವಂತೆ ಕೇಳಿದರು. ಅವರು ತಮ್ಮದೇ ಜನರನ್ನು ತರುತ್ತಾರಂತೆ. ಅಂದರೆ ಹಾಲೇಶ, ಜರಡಿಯ ಹೆಂಗಸರು, ನಾನು, ಬೆಕ್ಕು ಎಲ್ಲರೂ ಮನೆಗೆ. ರುದ್ರೇಶ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. "ಅವ್ವನ ಹೆಸ್ರಲ್ಲಿ ಸುರು ಮಾಡಿದ್ದು ಭಾವ. ಬ್ಯಾರೆಯೋರು ಬೋರ್ಡ್ ಕಿತ್ತಾಕಿದ್ರೆ ಅವ್ವನ ಮುಂದೆ ಯಾವ್ ಮುಖ ಇಟ್ಗಂಡ್ ಹೋಗ್ಲಿ?" ಎಂದ. ಅವನ ಕಣ್ಣು ಒದ್ದೆಯಾಗಿತ್ತು. ನನಗೂ ಮಿಲ್ಲು ಬಿಡುವ ಮನಸ್ಸಿರಲಿಲ್ಲ. ಸಂಬಳದ ಮಾತಲ್ಲ; ಪಿಂಚಣಿ ಬರುತ್ತದೆ. ಆದರೆ ಆ ಗದ್ದಲ, ಆ ಹುರಿದ ಭತ್ತದ ವಾಸನೆ, ಆ ಗೇಲಿ ಇಲ್ಲದೆ ಸೊರಬದ ಜಗುಲಿಯಲ್ಲಿ ಕೂರುವುದನ್ನು ನೆನೆಸಿಕೊಂಡರೇ ಭಯವಾಗುತ್ತಿತ್ತು.

ಅಷ್ಟರಲ್ಲಿ ಹುಬ್ಬಳ್ಳಿಯ ದೊಡ್ಡದೊಂದು ದಿನಸಿ ಕಂಪನಿಯಿಂದ ಫೋನ್ ಬಂತು. ನಮ್ಮ ಅವಲಕ್ಕಿಯ ಮಾದರಿ ಅವರಿಗೆ ಹಿಡಿಸಿತ್ತು. ವರ್ಷಪೂರ್ತಿ ಆರ್ಡರು ಕೊಡುವ ಯೋಚನೆಯಿತ್ತು. ಆದರೆ ಅದಕ್ಕೆ ಮೊದಲು ಅವರ ಕಡೆಯ ಮೇಡಂ ಒಬ್ಬರು ಬಂದು ಮಿಲ್ಲಿನ ಮ್ಯಾನೇಜ್‌ಮೆಂಟ್ ಹೇಗಿದೆ ಎಂದು ನೋಡುತ್ತಾರಂತೆ. ಅವಲಕ್ಕಿ ನೋಡುತ್ತಾರೆಂದರೆ ನಾವು ಹೆದರುತ್ತಿರಲಿಲ್ಲ. ಮ್ಯಾನೇಜ್‌ಮೆಂಟ್ ನೋಡುತ್ತಾರೆಂದಾಗ ಇಬ್ಬರೂ ಮುಖಮುಖ ನೋಡಿಕೊಂಡೆವು, ನಿಂತುಕೊಂಡೇ. ತೋರಿಸೋಣವೆಂದರೆ ಅದು ಎಲ್ಲಿದೆ? ಕಾರ್ಖಾನೆಯಲ್ಲಿ ಭಾವನನ್ನು ಗೇಲಿ ಮಾಡುವ ಜನ, ತಪ್ಪು ಮಾಡಿದರೆ ಅಮ್ಮನಿಗೆ ಫೋನು, ಬಾಲಕ್ಕೆ ಬಣ್ಣ ಹತ್ತಿದ ಬೆಕ್ಕು, ಕುರ್ಚಿ ಇದ್ದೂ ಕೂರಲಾರದ ಇಬ್ಬರು. "ಭಾವ, ಇದೊಂದ್ ಸಲ ಆರ್ಡ್ರು ಬಂದ್ರೆ ಲೀಸಿನ ಮಾತೇ ಇಲ್ಲ. ಬರ್ಲಿಲ್ಲಾಂದ್ರೆ ಕೊಟ್ಟುಬಿಡ್ತೀನಿ. ಕಂಪ್ನಿಯೋರಂಗೆ ಕುಂತು ಮಾತಾಡಾದು ಕಲೀಬೇಕು ನಾವು" ಎಂದ ರುದ್ರೇಶ.

ಹೀಗೆ ಐವತ್ತರ ಹತ್ತಿರ ಬಂದ ಅವನೂ ಅರವತ್ತು ದಾಟಿದ ನಾನೂ ಕೂರುವುದನ್ನು ಅಭ್ಯಾಸ ಮಾಡಿದೆವು. ಶಿವಮೊಗ್ಗದಿಂದ ಚಕ್ರವಿರುವ ತಿರುಗುವ ಕುರ್ಚಿಗಳು ಬಂದವು. ರುದ್ರೇಶ ಒಂದರಲ್ಲಿ ಕೂತ. ನಾನು ಹೊರಗೆ ಹೋಗಿ ಮ್ಯಾನೇಜರನಂತೆ ಬಾಗಿಲು ತಟ್ಟಿ ಒಳಗೆ ಬಂದೆ. ಅವನು ಸ್ಪ್ರಿಂಗಿನಂತೆ ಎದ್ದ. ಕುರ್ಚಿ ಹಿಂದಕ್ಕೆ ಉರುಳಿಕೊಂಡು ಹೋಗಿ ನೀರಿನ ಕೊಡಪಾನಕ್ಕೆ ಬಡಿದು ಕೋಣೆಯೆಲ್ಲ ನೀರಾಯಿತು. ಎರಡನೆಯ ಸಲ ಅವನು ಕುರ್ಚಿಯ ಎರಡೂ ತೋಳುಗಳನ್ನು ಬಿಗಿಯಾಗಿ ಹಿಡಿದುಕೊಂಡು, ಹಲ್ಲು ಕಚ್ಚಿಕೊಂಡು ಕೂತ. ನಾನು ಒಳಗೆ ಬಂದಾಗ ಕುರ್ಚಿಯ ಸಮೇತ ಅರ್ಧ ಎದ್ದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹಾಲೇಶ, "ಹಂಗಲ್ಲಣ್ಣ, ಭಾವ ಮೊದ್ಲು ಕುತ್ಗಂಡಿರ್ಲಿ, ನೀನು ಆಮ್ಯಾಲೆ ಬಾ" ಎಂದು ಸಲಹೆ ಕೊಟ್ಟ. ಸರಿ, ನಾನು ಮೊದಲು ಕೂತೆ. ಮಾಲೀಕ ಒಳಗೆ ಬಂದ. ನನ್ನ ಕಾಲುಗಳು ನನ್ನ ಅಪ್ಪಣೆ ಕೇಳದೆ ನೆಟ್ಟಗಾದವು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಸರ್ವೀಸಿನಲ್ಲಿ ಬಂದ ಗುಣವೂ ಹಾಗೆಯೇ ಇರಬೇಕು. ಕೊನೆಗೆ ಆ ಕುರ್ಚಿಗಳಲ್ಲಿ ಕೂತು ಗಿರಗಿರನೆ ಸುತ್ತಿದವನು ಹಾಲೇಶನೊಬ್ಬನೇ.

ಮೇಡಂ ಬಂದರು. ಶ್ರುತಿ ಎಂದು ಹೆಸರು, ಇನ್ನೂ ಚಿಕ್ಕ ವಯಸ್ಸು, ಅಪ್ಪಟ ಹುಬ್ಬಳ್ಳಿಯ ಮಾತು. ಅವರು ಕೋಣೆಗೆ ಬಂದಾಗ ನಾವಿಬ್ಬರೂ ಎಂದಿನಂತೆ ಮೇಜಿನ ಆಚೀಚೆ ನಿಂತಿದ್ದೆವು. ಬೆಳಗಿನ ವ್ಯವಹಾರ ಮುಗಿದಿರಲಿಲ್ಲ. "ಕೂಡ್ರಿ ಸರ್" ಎಂದರು. "ಮೊದಲು ನೀವು ಕೂತ್ಕೊಳ್ಳಿ" ಎಂದೆವು. "ಇಲ್ರಿ, ನೀವು ಹಿರ್ಯಾರು" ಎಂದರು. ನಾನು ರುದ್ರೇಶನ ಕಡೆ ನೋಡಿದೆ, ಅವನು ನನ್ನ ಕಡೆ ನೋಡಿದ. ಇಷ್ಟು ದಿನ ಇಬ್ಬರು ನಿಲ್ಲುತ್ತಿದ್ದ ಕೋಣೆಯಲ್ಲಿ ಈಗ ಮೂವರು ನಿಂತೆವು. ಮುಗಿಯಿತು ಕಥೆ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನಾನು ಒಳಗೊಳಗೇ ಅಂದುಕೊಳ್ಳುತ್ತಿರುವಾಗ ಆಕೆ ಮೇಜನ್ನೂ ನಮ್ಮನ್ನೂ ಖಾಲಿ ಕುರ್ಚಿಗಳನ್ನೂ ಒಂದು ಸುತ್ತು ನೋಡಿದರು.

"ಸರ್, ನೀವು ದಿನಾ ಹಿಂಗ ನಿಂತಽ ಮೀಟಿಂಗ್ ಮಾಡ್ತೀರೇನ್ರಿ?"

ಸುಳ್ಳು ಹೇಳುವುದಕ್ಕೆ ಸಮಯವಿರಲಿಲ್ಲ. "ಹೌದು ಮೇಡಂ, ಮೊದಲಿನಿಂದಲೂ ಹೀಗೇ" ಎಂದೆ.

"ಎಷ್ಟ್ ಛಲೋ ಪದ್ಧತಿರಿ ಸರ್! ನಮ್ಮ ಆಫೀಸಿಗೆ ಇದನ್ನ ಕಲಿಸ್ಲಿಕ್ಕೆ ದೊಡ್ಡ ದೊಡ್ಡ ಮಂದಿ ಬಂದು ಟ್ರೇನಿಂಗ್ ಕೊಟ್ಟು ಹೋದ್ರು. ಸ್ಟ್ಯಾಂಡಪ್ ಮೀಟಿಂಗ್ ಅಂತಾರ್ರಿ ಇದಕ್ಕ. ಒಬ್ರೂ ನಿಂದ್ರಂಗಿಲ್ಲ, ಗ್ವಾಡಿಗೆ ಒರಗಿಬಿಡ್ತಾರ. ನಿಮಗ ಯಾರ್ರಿ ಕಲಿಸಿದ್ದು?"

ರುದ್ರೇಶ ಬಾಯಿ ತೆರೆದು "ನಮ್ಮವ್ವ" ಎಂದುಬಿಟ್ಟ. ಮೇಡಂ ಅದನ್ನು ವಿನಯವೆಂದು ತಿಳಿದು ಮೆಚ್ಚಿ ತಲೆದೂಗಿದರು. ನಾನು ಗಂಟಲು ಸರಿಪಡಿಸಿಕೊಂಡು "ಸ್ವಲ್ಪ ಭಾಗ ಸರ್ಕಾರವೂ ಕಲಿಸಿದೆ" ಎಂದು ಸೇರಿಸಿದೆ. ನನ್ನ ಮಂಡಿಗಳು ಆ ಕ್ಷಣದಲ್ಲಿ ನೋಯಲೇ ಇಲ್ಲ.

ಆಮೇಲೆ ಆಕೆ ಮಿಲ್ಲನ್ನೆಲ್ಲ ಸುತ್ತಿದರು. ನಾನೂ ಹಿಂದೆ ಹಿಂದೆ ಸುತ್ತಿದೆ. ಚೀಲಗಳ ಸಾಲಿನ ಮುಂದೆ ನಿಂತು, ನಾಳೆ ಯಾವುದೋ ಅಂಗಡಿಯಲ್ಲಿ ಒಂದು ಚೀಲದಲ್ಲಿ ಕಲ್ಲು ಸಿಕ್ಕರೆ ಅದು ಯಾವ ಭತ್ತದಿಂದ ಬಂದದ್ದೆಂದು ಹೇಳಬಲ್ಲಿರಾ ಎಂದು ಕೇಳಿದರು. ದೇವರೇ ಪ್ರತ್ಯಕ್ಷನಾಗಿ ಏನು ವರ ಬೇಕೆಂದು ಕೇಳಿದರೂ ನನಗೆ ಅಷ್ಟು ಸಂತೋಷವಾಗುತ್ತಿರಲಿಲ್ಲ. ಚೀಲದ ಮೇಲಿನ ನೀಲಿ ಸಂಖ್ಯೆಯನ್ನು ಓದಿದೆ. ಹಾಲೇಶ ಅದೇ ಸಂಖ್ಯೆಯ ಖಾಲಿ ಮೂಟೆಯನ್ನು ತಂದು ಕೊಡವಿ ತೋರಿಸಿ, "ಇದು ಜಡೆ ಊರಿನ ಕಡೆ ಭತ್ತ ಮೇಡಂ. ಕಲ್ಲು ಸಿಕ್ರೆ ಅವ್ರ ಮನೀಗೇ ಹೋಗಿ ಕೇಳ್ತೀವಿ, ನಮ್ ಭಾವ ಬಿಡಲ್ಲ" ಎಂದ. ನನ್ನ ಮದುವೆಯ ನಂತರ ಅವನು ನನ್ನನ್ನು ನಾಲ್ಕು ಜನರ ಮುಂದೆ ಹೊಗಳಿದ್ದು ಅದೇ ಮೊದಲು. ಮೇಡಂಗೆ ತಿಂಡಿ ಕೊಟ್ಟೆವು. ಎಲ್ಲರ ತಟ್ಟೆಯಲ್ಲೂ ಹಿಂದಿನ ದಿನದ ಅದೇ ಅವಲಕ್ಕಿ ಇರುವುದನ್ನು ಅವರು ಗಮನಿಸಿ ಕಾರಣ ಕೇಳಿದರು, ಹೇಳಿದೆವು. ಕೆಲಸದಲ್ಲಿ ತಪ್ಪಾದರೆ ಏನು ಕ್ರಮ ಎಂದು ಕೇಳಿದಾಗ ನಾನು ಉತ್ತರ ಹುಡುಕುವ ಮೊದಲೇ ಜರಡಿಯ ಕಡೆಯ ಹೆಂಗಸೊಬ್ಬರು "ಭಾವ ನಮ್ಮವ್ವಂಗೆ ಫೋನ್ ಹಚ್ತಾರ್ರಿ" ಎಂದರು. ಮೇಡಂ ನಕ್ಕರು, ಬಹಳ ಹೊತ್ತು ನಕ್ಕರು. "ನಮ್ಮ ಬಾಸೂ ಹಂಗಽ ಮಾಡಿದ್ರ ನಾ ದಿನಾ ಟೈಮಿಗೆ ಹೋಗ್ತಿದ್ದೆ ನೋಡ್ರಿ" ಎಂದರು.

ಕೊನೆಯದು ಕಠಿಣ ಪ್ರಶ್ನೆ. ಮತ್ತೆ ಕೋಣೆಗೆ ಬಂದು, ಮತ್ತೆ ನಿಂತುಕೊಂಡು, ಆಕೆ ಗಂಭೀರವಾದರು. ಗಣಪತಿ ಹಬ್ಬಕ್ಕೆ ಮೊದಲೇ ಗಟ್ಟಿ ಅವಲಕ್ಕಿಯೂ ಬೇಕು, ತೆಳು ಅವಲಕ್ಕಿಯೂ ಬೇಕು. ಎರಡನ್ನೂ ಕೊಡುತ್ತೀರಾ, ಈಗಲೇ ಹೇಳಿ ಎಂದರು. ಹೂಂ ಎಂದರೆ ಆರ್ಡರು ನಮ್ಮದು ಎಂಬಂತಿತ್ತು ಅವರ ದನಿ. ಹೊರಗೆ ಆಷಾಢದ ಮಳೆ ತಗಡಿನ ಮೇಲೆ ಸುರಿಯುತ್ತಿತ್ತು. ರುದ್ರೇಶ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಇಬ್ಬರೂ ಒಟ್ಟಿಗೇ ಬಾಯಿ ತೆರೆದೆವು.

"ಗಟ್ಟಿ ಈಗಲೇ ಕೊಡ್ತೀವಿ. ತೆಳು ಮಾತ್ರ ಮಳೆ ನಿಂತ ಮೇಲೆ."

ಅವನು ಅವನ ಭಾಷೆಯಲ್ಲಿ ಹೇಳಿದ, ನಾನು ನನ್ನ ಭಾಷೆಯಲ್ಲಿ ಹೇಳಿದೆ. ಅರ್ಥದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಈ ಥಂಡಿಯಲ್ಲಿ ತೆಳು ಅವಲಕ್ಕಿ ಚೀಲದಲ್ಲೇ ಮೆತ್ತಗಾಗುತ್ತದೆ, ನಿಮ್ಮ ಹೆಸರೂ ಕೆಡುತ್ತದೆ, ನಮ್ಮ ಹೆಸರೂ ಕೆಡುತ್ತದೆ ಎಂದು ವಿವರಿಸಿದೆವು. ಆರ್ಡರು ಕೊಡಲು ಬಂದವರಿಗೆ ಅರ್ಧ ಇಲ್ಲ ಎಂದಿದ್ದೆವು.

ಮೇಡಂ ಹೊರಗೆ ಹೋಗಿ, ಮಳೆ ಸಿಡಿಯದ ಮೂಲೆಯಲ್ಲಿ ನಿಂತು ಯಾರಿಗೋ ಫೋನ್ ಮಾಡಿದರು. ಯಂತ್ರಗಳೆಲ್ಲ ನಿಂತಿದ್ದವು. ಹಾಲೇಶ ಬೆಕ್ಕನ್ನು ಎತ್ತಿಕೊಂಡು ನಿಂತಿದ್ದ. ರುದ್ರೇಶ ಕಣ್ಣು ಮುಚ್ಚಿ ಮನೆದೇವರನ್ನು ನೆನೆಯುತ್ತಿದ್ದ. ಆಕೆ ಒಳಗೆ ಬಂದು, "ಕೇಳಿದ್ದಕ್ಕೆಲ್ಲ ಹೂಂ ಅನ್ನೋರು ಭಾಳ ಮಂದಿ ಅದಾರ್ರಿ. ಇಲ್ಲ ಅಂತ ಹೇಳಾಕ ಧೈರ್ಯ ಬೇಕು. ವರ್ಷದ ಆರ್ಡರ್ ನಿಮಗಽ ಸರ್. ತೆಳು ನೀವು ಹೇಳಿದಾಗಽ ಕಳಸ್ರಿ" ಎಂದರು.

ಆಮೇಲೆ ಆದದ್ದನ್ನು ಹೇಳಲು ನನ್ನಿಂದ ಸಾಧ್ಯವಿಲ್ಲ, ಆದರೂ ಹೇಳುತ್ತೇನೆ. ಹಾಲೇಶ ಊಟದ ಹೊತ್ತಿಗೆ ಕೂಗಿಸಬೇಕಾದ ಸೈರನ್ನನ್ನು ಬೆಳಿಗ್ಗೆಯೇ ಕೂಗಿಸಿ, ಅರ್ಧ ಶಿಕಾರಿಪುರ ಗಡಿಯಾರ ನೋಡಿಕೊಳ್ಳುವಂತೆ ಮಾಡಿದ. ಜರಡಿಯ ಹೆಂಗಸರು ಮೇಡಂಗೆ ಅರಿಶಿನ ಕುಂಕುಮ ಹಚ್ಚಿ ಮಡಿಲಿಗೆ ಅವಲಕ್ಕಿಯನ್ನೇ ತುಂಬಿದರು. ರುದ್ರೇಶ ಮನೆತನ ಮರೆತು ನನ್ನನ್ನು ತಬ್ಬಿಕೊಂಡ. ನಾನೂ ಸರ್ವೀಸು ಮರೆತು ತಬ್ಬಿಕೊಂಡೆ. ಲೀಸು ಕೇಳಿದವರಿಗೆ ಅಲ್ಲೇ ಫೋನ್ ಮಾಡಿ, ಮಿಲ್ಲು ಕೊಡುವುದಿಲ್ಲ ಎಂದು ಹೇಳಿದ. ಅವನು ಅಷ್ಟು ಎದೆಯುಬ್ಬಿಸಿ ಮಾತಾಡಿದ್ದನ್ನು ನಾನು ಅವನ ಮದುವೆಯಲ್ಲೂ ನೋಡಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಾನು ಶಿರಾಳಕೊಪ್ಪದವರೆಗೆ ನಿಂತೇ ಬಂದೆ. ಕಂಡಕ್ಟರು "ಕುಂದ್ರಿ ಅಜ್ಜಾರೆ" ಎಂದಾಗ, ಅಜ್ಜ ಎಂದದ್ದಕ್ಕೂ ಬೇಸರವಾಗಲಿಲ್ಲ.

ಸಂಜೆ ಮನೆಯಲ್ಲಿ ಗಿರಿಜಾಳಿಗೆ ಕಥೆಯನ್ನು ಮೊದಲಿನಿಂದ, ಸ್ವಲ್ಪ ಉಪ್ಪುಖಾರ ಹಚ್ಚಿ ಹೇಳಲು ಶುರುಮಾಡಿದೆ. ಕುರ್ಚಿಯ ಪ್ರಸಂಗ ಮುಗಿದು ಮೂಟೆಯ ಸಂಖ್ಯೆಗೆ ಬಂದಿದ್ದೆ ಅಷ್ಟೇ. ಅವಳು ಬೀನ್ಸ್ ಸೋಸುತ್ತಾ, ತಲೆಯೆತ್ತದೆ ಕೇಳಿದಳು: "ತೆಳು ಮಳೆ ನಿಂತ್ಮೇಲೆ ಕೊಡ್ತೀವಿ ಅಂದ್ರಿ ತಾನೆ? ಒಪ್ಕೊಂಡ್ರಾ?"

ನಾನು ಇನ್ನೂ ಆ ಮಾತಿಗೆ ಬಂದೇ ಇರಲಿಲ್ಲ. "ನಿಂಗೆ ಹೇಗೆ ಗೊತ್ತು?" ಎಂದೆ.

"ಗೊತ್ತಾಗ್ದೆ ಏನ್ರೀ? ಅವ್ವ ಮೊನ್ನೆನೇ ಹೇಳಿದ್ಲು, ಹಬ್ಬ ಬಂತು, ಅವ್ರು ತೆಳು ಕೇಳೇ ಕೇಳ್ತಾರೆ, ಈ ಮಳೇಲಿ ಒಪ್ಕೋಬೇಡಿ ಅಂತ. ನೀವು ಬೆಳಿಗ್ಗೆ ಸ್ನಾನಕ್ಕೆ ಹೋಗ್ತೀರಲ್ಲ, ಆವಾಗ ಅವ್ವಂಗೊಂದು, ರುದ್ರಂಗೊಂದು ಫೋನ್ ಮಾಡ್ತೀನಿ ದಿನಾ. ಅವ್ನಿಗೆ ನೇರ ಹೇಳಿದ್ರೆ ಆಯ್ತು, ಕೇಳ್ತಾನೆ."

"ಮತ್ತೆ ನನಗೆ?"

"ನಿಮಗೆ ನೇರ ಹೇಳಿದ್ರೆ ನೀವು ಕೇಳೋ ಪೈಕಿನಾ? ತಿಂಡಿ ಹಾಕ್ತಾ ಮಾತಿನ ಮಧ್ಯ ಬಿಡ್ತೀನಿ. 'ಡಬ್ಬೀಲಿ ತೆಳು ಅವಲಕ್ಕಿ ಹೆಂಗೆ ಮೆತ್ತಗಾಗಿದೆ ನೋಡ್ರಿ' ಅಂತ ಅಂದಿದ್ದೆ ಇವತ್ತು, ನೆನಪಿದ್ಯಾ? ಬಸ್ಸು ಶಿರಾಳಕೊಪ್ಪ ಮುಟ್ಟೋಷ್ಟೊತ್ತಿಗೆ ಅದು ನಿಮ್ದೇ ವಿಚಾರ ಆಗಿರುತ್ತೆ." ಇಷ್ಟು ಹೇಳಿ ಬೀನ್ಸಿನ ನಾರು ತೆಗೆದು ಪಕ್ಕಕ್ಕಿಟ್ಟಳು.

ಬೆಲ್ಟು ಬದಲಿಸಿದ್ದು, ಭತ್ತದವರನ್ನು ಬದಲಿಸಿದ್ದು, ಸೀದ ಚೀಲಗಳನ್ನು ತಡೆದದ್ದು, ಎಲ್ಲದರಲ್ಲೂ ನಾವಿಬ್ಬರೂ ಒಂದೇ ಉಸಿರಿನಲ್ಲಿ ಒಂದೇ ಮಾತು ಹೇಳಿ ಬೆರಗಾಗಿದ್ದು ಕಣ್ಣ ಮುಂದೆ ಬಂತು. ಬೇಸರವಾಯಿತೇ ಎಂದು ನೀವು ಕೇಳಬಹುದು. ಇಲ್ಲ. ತಾಲ್ಲೂಕು ಕಚೇರಿಯ ಒಂದು ಗುಟ್ಟು ಹೇಳುತ್ತೇನೆ, ಆಗ ಗೊತ್ತಾಗುತ್ತದೆ. ಕಡತ ತಹಶೀಲ್ದಾರರ ಮೇಜಿಗೆ ಹೋಗುವ ಮೊದಲು ಶಿರಸ್ತೇದಾರನ ಟಿಪ್ಪಣಿ ಅದರಲ್ಲಿರುತ್ತದೆ. ಏನು ಮಾಡಬೇಕೆಂದು ಬರೆದು, ಕೆಳಗೆ ವಿನಯದಿಂದ 'ಆದೇಶಕ್ಕಾಗಿ ಮಂಡಿಸಿದೆ' ಎಂದು ಹಾಕಿರುತ್ತೇವೆ. ತಹಶೀಲ್ದಾರರು ಅದನ್ನು ಓದಿ, ಕನ್ನಡಕದ ಮೇಲಿನಿಂದ ನಮ್ಮನ್ನು ನೋಡಿ, "ನನಗೂ ಹಾಗೇ ಅನ್ನಿಸಿತ್ತು ಕಣ್ರೀ" ಎಂದು ಸಹಿ ಹಾಕುತ್ತಾರೆ. ಎಷ್ಟೋ ತಹಶೀಲ್ದಾರರು ಬಂದರು, ಹೋದರು. ಎಲ್ಲರಿಗೂ ಹಾಗೇ ಅನ್ನಿಸಿತ್ತು. ಆ ಕುರ್ಚಿಗೆ ಬಡ್ತಿ ಸಿಗಲಿ ಎಂದು ನಾನು ಎಷ್ಟು ಆಸೆಪಟ್ಟೆನೋ ದೇವರಿಗೇ ಗೊತ್ತು. ಸರ್ಕಾರ ಕೊಡಲಿಲ್ಲ. ಕೊನೆಯ ದಿನದವರೆಗೂ ಟಿಪ್ಪಣಿ ಬರೆಯುವವನಾಗಿಯೇ ಉಳಿದೆ. ಅಂಥ ನನ್ನನ್ನು ನಿವೃತ್ತಿಯ ನಂತರ, ಯಾವ ಆದೇಶವೂ ಇಲ್ಲದೆ, ಅಡುಗೆಮನೆಯಿಂದಲೇ ಬಡ್ತಿ ಕೊಟ್ಟು ತಹಶೀಲ್ದಾರನನ್ನಾಗಿ ಮಾಡಿದ್ದಾರೆಂದರೆ ಸಂತೋಷಪಡದೆ ಇರಲಾದೀತೇ?

ಮರುದಿನ ಬೆಳಿಗ್ಗೆ ಗಿರಿಜಾ ತಟ್ಟೆಗೆ ರೊಟ್ಟಿ ಹಾಕುತ್ತ, ಯಾರಿಗೋ ಹೇಳುವವಳಂತೆ, "ಶಿರಾಳಕೊಪ್ಪದ ಸಂತೇಲಿ ನಮ್ದೇ ಒಂದು ಅಂಗಡಿ ಇಟ್ರೆ ಚೆನ್ನಾಗಿರುತ್ತೆ ಅಂತ ಅವ್ವ ಅಂತಿದ್ಲಪ್ಪ" ಎಂದಳು. ನಾನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅದರ ಮೇಲಿನಿಂದ ಅವಳನ್ನು ನೋಡಿದೆ.

"ನನಗೂ ಹಾಗೇ ಅನ್ನಿಸಿತ್ತು ಕಣೇ" ಎಂದೆ.